ಕಾಯಿದೆಯ ಮಾತೇ ನಮ್ಮ ಆಸ್ತಿ

ಕಾಯಿದೆಯನ್ನು ಅಕ್ಷರಕ್ಕೆ ಅಕ್ಷರ ಓದುವ ನ್ಯಾಯಾಧೀಶರೆಂದರೆ ನಮ್ಮ ಗೆಳೆಯರಲ್ಲಿ ಅನೇಕರಿಗೆ ಅಸಮಾಧಾನ. ಅಂಥವರಿಗೆ ಬಡವನ ಕಷ್ಟ ಕಾಣದೆಂಬುದು ಅವರ ದೂರು. ನಮ್ಮ ಅಭಿಪ್ರಾಯ ಬೇರೆ. ದುಡಿಯುವವನಿಗೆ ಹಣದ ಬಲವಿಲ್ಲ, ದೊಡ್ಡ ವಕೀಲರ ಬೆಂಬಲವಿಲ್ಲ. ಹೋರಾಡಿ ಬರೆಸಿಕೊಂಡ ಮಾತೊಂದೇ ಅವನ ಆಸ್ತಿ. ಆ ಮಾತು ಅಲುಗಾಡಿದರೆ ಮೊದಲು ಬೀಳುವವನು ಅವನೇ.

1947ರ ಕೈಗಾರಿಕಾ ವಿವಾದಗಳ ಕಾಯಿದೆಗೆ 1953ರಲ್ಲಿ ಒಂದು ರಕ್ಷಣೆ ಸೇರಿತು. ಒಂದು ವರ್ಷ ದುಡಿದವನನ್ನು ರಿಟ್ರೆಂಚ್ ಮಾಡಬೇಕಾದರೆ ಒಂದು ತಿಂಗಳ ನೋಟೀಸು ಇಲ್ಲವೆ ಅದರ ಸಂಬಳ, ಜೊತೆಗೆ ದುಡಿದ ವರ್ಷಕ್ಕೆ 15 ದಿನದಂತೆ ಸರಾಸರಿ ವೇತನ ಕೊಡಬೇಕು. ಹನ್ನೆರಡು ತಿಂಗಳಲ್ಲಿ 240 ದಿನ ದುಡಿದರೆ ಅದೇ ಒಂದು ವರ್ಷ. ಶಿಸ್ತಿನ ಶಿಕ್ಷೆ, ನಿವೃತ್ತಿ ಮೊದಲಾದ ಕೆಲವನ್ನು ಬಿಟ್ಟು 'ಯಾವುದೇ ಕಾರಣಕ್ಕಾಗಲಿ' ಮಾಲೀಕನು ಕೆಲಸದಿಂದ ತೆಗೆದರೆ ಅದು ರಿಟ್ರೆಂಚ್‌ಮೆಂಟ್ ಎಂದು ಬರೆದಿತ್ತು.

ಇದಕ್ಕಿಂತ ಸ್ಪಷ್ಟ ಮಾತು ಬೇಕೆ? ಆದರೂ 1956ರ ಕೊನೆಯಲ್ಲಿ ಸುಪ್ರೀಂ ಕೋರ್ಟು, ಹೆಚ್ಚಾದ ಆಳುಗಳನ್ನು ತೆಗೆಯುವುದಕ್ಕೆ ಮಾತ್ರ ಈ ಮಾತು ಅನ್ವಯಿಸುತ್ತದೆಂದು ಅರ್ಥವನ್ನು ಕುಗ್ಗಿಸಿತು. ಉದ್ದಿಮೆಯೇ ಮುಚ್ಚಿ ಬೀದಿಗೆ ಬಿದ್ದವರಿಗೆ ಪರಿಹಾರವಿಲ್ಲವಾಯಿತು. 1957ರಲ್ಲಿ ಪಾರ್ಲಿಮೆಂಟು ಬೇರೆ ತಿದ್ದುಪಡಿ ತರಬೇಕಾಯಿತು.

1976ರಲ್ಲಿ ಸ್ಟೇಟ್ ಬ್ಯಾಂಕಿನ ಒಬ್ಬ ತಾತ್ಕಾಲಿಕ ನೌಕರನ ಮೊಕದ್ದಮೆ ಬಂತು. ಬಿಟ್ಟು ಬಿಟ್ಟು ದುಡಿಸಿ, ಕೊನೆಗೆ ಒಂಬತ್ತು ದಿನದ ನೇಮಕ ಕೊಟ್ಟು, ಅವಧಿ ಮುಗಿಯಿತೆಂದು ಅವನನ್ನು ಕಳುಹಿಸಿದ್ದರು. ಒಟ್ಟು ದಿನ 240 ದಾಟಿತ್ತು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು 'ಯಾವುದೇ ಕಾರಣಕ್ಕಾಗಲಿ' ಎಂಬುದನ್ನು ಇದ್ದ ಹಾಗೆಯೇ ಓದಿದರು. ಆತನನ್ನು ಮರಳಿ ಕೆಲಸಕ್ಕೆ ತೆಗೆದುಕೊಳ್ಳಬೇಕಾಯಿತು. 1990ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠವೂ ಈ ಓದನ್ನೇ ಎತ್ತಿಹಿಡಿಯಿತು.

ವ್ಯಾಪಾರಿ ಬಂಧುಗಳಿಗೂ ಇದೇ ನ್ಯಾಯ. ತರಕಾರಿಗೆ ಮಾರಾಟ ತೆರಿಗೆಯ ವಿನಾಯಿತಿ ಇದ್ದಾಗ ವೀಳ್ಯದೆಲೆಯೂ ತರಕಾರಿಯೇ ಎಂಬ ಪ್ರಶ್ನೆ ಎದ್ದಿತು. ಸಸ್ಯಶಾಸ್ತ್ರ ಬೇಡ, ಪೇಟೆಯಲ್ಲಿ ಜನ ಏನೆನ್ನುತ್ತಾರೆ ನೋಡೋಣವೆಂದು 1961ರಲ್ಲಿ ಸುಪ್ರೀಂ ಕೋರ್ಟು 'ಅಲ್ಲ' ಎಂದಿತು. ವ್ಯಾಪಾರಿ ಸೋತ. 1977ರಲ್ಲಿ ಅದೇ ಅಳತೆಯಿಂದ ಹಸಿ ಶುಂಠಿ ತರಕಾರಿಯೆನಿಸಿತು. ವ್ಯಾಪಾರಿ ಗೆದ್ದ. ಸೋಲು ಗೆಲುವು ಏನೇ ಇರಲಿ, ಅಳತೆಗೋಲು ಅಂಗಡಿಯವನಿಗೆ ಮೊದಲೇ ಗೊತ್ತಿರುವಂಥದು.

ಕೆಟ್ಟ ಮಾತು ಕಾಯಿದೆಯಲ್ಲಿದ್ದರೆ ಇದೇ ಓದು ನಮಗೂ ತಿರುಗೇಟು ಕೊಡುತ್ತದೆ, ನಿಜ. 1984ರಲ್ಲಿ ಹಾಗೆಯೇ ಆಯಿತು. ಕರಾರಿನ ಅವಧಿ ಮುಗಿದು ಹೋದವನದು ರಿಟ್ರೆಂಚ್‌ಮೆಂಟ್ ಅಲ್ಲವೆಂದು ಪಾರ್ಲಿಮೆಂಟು ತಿದ್ದಿತು. ಆದರೆ ಅದು ಬಹಿರಂಗವಾಗಿ ಆದ ಕೆಲಸ. ಯಾರು ಕೈಯೆತ್ತಿದರೆಂದು ಕೇಳಬಹುದು, ಮುಂದಿನ ಚುನಾವಣೆಯಲ್ಲಿ ಲೆಕ್ಕ ಚುಕ್ತಾ ಮಾಡಬಹುದು. ನ್ಯಾಯಾಧೀಶರನ್ನು ನಾವು ವೋಟು ಹಾಕಿ ಕಳುಹಿಸಿಲ್ಲ. ಅವರ ಕರುಣೆ ಇಂದು ನಮ್ಮ ಕಡೆ ಇದ್ದರೆ ನಾಳೆ ಮಾಲೀಕರ ಕಡೆ ವಾಲೀತು.

2025ರ ನವೆಂಬರ್ 21ರಿಂದ ಆ ಹಳೆಯ ಕಾಯಿದೆಯ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. 'ಯಾವುದೇ ಕಾರಣಕ್ಕಾಗಲಿ' ಎಂಬ ಮಾತು ಅದರಲ್ಲಿಯೂ ಉಳಿದಿದೆ. ನಿಗದಿತ ಅವಧಿಯ ನೌಕರಿ ಮುಗಿದವನು ಅದರಿಂದ ಹೊರಗೆ. ಪ್ರತಿಯೊಂದು ಸಂಘವೂ ಈ ಸಂಹಿತೆಯನ್ನು ತರಿಸಿ, ಗೇಟಿನ ಬಳಿ ಕನ್ನಡದಲ್ಲಿ ಓದಿ ಹೇಳಲಿ. ಕೆಲಸಕ್ಕೆ ಸೇರುವವನು ನೇಮಕದ ಕಾಗದದಲ್ಲಿ ಅವಧಿಯ ಮಾತಿದೆಯೇ ಎಂದು ನೋಡಿಯೇ ರುಜು ಹಾಕಲಿ. ಮಾತು ನಮ್ಮದಾಗಬೇಕಾದರೆ ಮೊದಲು ಅದು ನಮಗೆ ತಿಳಿದಿರಬೇಕು. ಸರಿಯಿಲ್ಲದ ಮಾತನ್ನು ಬದಲಿಸುವ ಹೋರಾಟ ಆಮೇಲಿನದು, ಅದು ನಡೆಯಬೇಕಾದದ್ದು ಪಾರ್ಲಿಮೆಂಟಿನ ಬಾಗಿಲಲ್ಲಿ.