ಕವಿತೆಯಿಲ್ಲದ ಕಾವ್ಯಪರೀಕ್ಷೆ

ಪರೀಕ್ಷೆಯ ವೇಳಾಪಟ್ಟಿ ಕಾಲೇಜಿನ ಸೂಚನಾಫಲಕವನ್ನೇರಿದ ದಿನದಿಂದ ನಮ್ಮ ಪದವಿ ತರಗತಿಗಳಲ್ಲಿ, ಅದರಲ್ಲಿಯೂ ಇಂಗ್ಲಿಷ್ ಸಾಹಿತ್ಯವನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಂಡ ವಿದ್ಯಾರ್ಥಿಗಳಲ್ಲಿ, ‘ಕಂಬೈನ್ಡ್ ಸ್ಟಡಿ’ ಎಂಬ ವ್ರತವೊಂದು ಆರಂಭವಾಗುತ್ತದೆ. ಹಾಸ್ಟೆಲಿನ ಕೋಣೆಯಲ್ಲಿಯೋ, ಗ್ರಂಥಾಲಯದ ಹಿಂದಣ ಮೆಟ್ಟಿಲುಗಳ ಮೇಲೆಯೋ, ಯಾರಾದರೊಬ್ಬರ ಮನೆಯ ಮಹಡಿಯಲ್ಲಿಯೋ ನಾಲ್ಕೈದು ಮಂದಿ ಕಲೆತು, ವರ್ಷವಿಡೀ ತೆರೆಯದಿದ್ದ ಪದ್ಯಸಂಕಲನವನ್ನು ಮುಂದಿಟ್ಟುಕೊಂಡು ಕುಳಿತಿರುವ ದೃಶ್ಯವು ನೋಡುವವರ ಕಣ್ಣಿಗೆ ಹಿತವಾದದ್ದೇ. ಆದರೆ ಹಾಗೆ ಕುಳಿತವರು ಮೊತ್ತಮೊದಲು ಮಾಡುವ ಕಾರ್ಯವೆಂದರೆ ಪಾಲುಪಟ್ಟಿ. ಅಣ್ಣತಮ್ಮಂದಿರು ಪಿತ್ರಾರ್ಜಿತ ಜಮೀನನ್ನು ಹಂಚಿಕೊಳ್ಳುವಂತೆ ಕೀಟ್ಸ್ ಒಬ್ಬನ ಪಾಲಿಗೆ, ಶೆಲ್ಲಿ ಇನ್ನೊಬ್ಬಳ ಪಾಲಿಗೆ, ಡನ್ ಮಹಾಶಯನು ಯಾರಿಗೂ ಬೇಡವಾಗಿ ಕಡೆಗೆ ತಡವಾಗಿ ಬಂದವನ ಪಾಲಿಗೆ ಬೀಳುತ್ತಾನೆ. ತಮ್ಮ ಪಾಲಿನ ಕವಿಯ ಮೇಲೆ ತಾವು ತಾವೇ ನೋಟ್ಸು ಬರೆದು, ಅಂದರೆ ಅಂಗಡಿಯ ಗೈಡಿನಿಂದ ಇಳಿಸಿಕೊಂಡು, ಝೆರಾಕ್ಸ್ ಮಾಡಿಸಿ ಉಳಿದವರಿಗೆ ಹಂಚಿದರೆ ಸಹಾಧ್ಯಯನವು ಸಂಪೂರ್ಣವಾದಂತೆ. ಆಮೇಲೆ ಉಳಿಯುವುದು ಬೈಹಾರ್ಟ್ ಮಾಡುವ ಏಕಾಂತಸಾಧನೆ ಮಾತ್ರ.

ಇದರ ಫಲವನ್ನು ಕಾಣಬೇಕಾದರೆ ವ್ಯಾಲ್ಯುಯೇಷನ್ ಕೇಂದ್ರದ ಮೇಜಿನ ಮುಂದೆ ಕುಳಿತಿರಬೇಕು. ಉತ್ತರಪತ್ರಿಕೆಗಳ ಕಟ್ಟೊಂದನ್ನು ಬಿಚ್ಚಿದಾಗ, ಕೀಟ್ಸ್ ಕವಿಯು ಸಮುದ್ರದಲ್ಲಿ ಮುಳುಗಿ ಅಕಾಲಮರಣವನ್ನು ಹೊಂದಿದನೆಂಬ ವಾಕ್ಯವು ಮೊದಲನೆಯ ಪತ್ರಿಕೆಯಲ್ಲಿ ಕಂಡಾಗ ನಕ್ಕು ಮುಂದೆ ಹೋದ ನಾನು, ಎರಡನೆಯದರಲ್ಲಿ, ಮೂರನೆಯದರಲ್ಲಿ, ಆ ಸಾಲಿನ ಬೆಂಚುಗಳಷ್ಟಕ್ಕೂ ಸಲ್ಲುವ ಎಲ್ಲ ಪತ್ರಿಕೆಗಳಲ್ಲಿಯೂ ಅದೇ ವಾಕ್ಯವು ಅದೇ ಅಲ್ಪವಿರಾಮದೊಡನೆ ಬಂದುದನ್ನು ಕಂಡು ವಿಸ್ಮಿತನಾದೆನು. 1822ರಲ್ಲಿ ಇಟಲಿಯ ಕಡಲಿನಲ್ಲಿ ಮುಳುಗಿದವನು ಶೆಲ್ಲಿ. ಕೀಟ್ಸ್ ಅದಕ್ಕೆ ಒಂದು ವರ್ಷ ಮುಂಚೆಯೇ ರೋಮಿನಲ್ಲಿ ಕ್ಷಯರೋಗದಿಂದ ತೀರಿಕೊಂಡವನು. ಯಾವನೋ ಒಬ್ಬನ ನೋಟ್ಸಿನಲ್ಲಿ ಎರಡು ಪುಟಗಳು ಅದಲುಬದಲಾಗಿ, ಆ ಗುಂಪಿನ ಮಿತ್ರರೆಲ್ಲರೂ ಕೀಟ್ಸನನ್ನು ಒಮ್ಮತದಿಂದ ನೀರಿಗೆ ನೂಕಿದ್ದರು. ಅವರಲ್ಲಿ ಒಬ್ಬರಾದರೂ ಒಬ್ಬರನ್ನು ಪ್ರಶ್ನಿಸಿದ್ದರೆ ಆ ಬಡಕವಿ ಬದುಕಿಕೊಳ್ಳದಿದ್ದರೂ ತನ್ನ ಸಾವನ್ನಾದರೂ ಸಾಯುತ್ತಿದ್ದನು!

ವಿದ್ಯಾರ್ಥಿಗಳನ್ನು ದೂಷಿಸುವುದು ಸುಲಭ. ದೂಷಿಸಿದರೆ ಅನ್ಯಾಯವೂ ಆದೀತು. ಕೊಂಚ ಹಿಂದಕ್ಕೆ ಹೋಗಿ ನೋಡೋಣ. 1857ರಲ್ಲಿ ಕಲಕತ್ತೆ, ಮುಂಬಯಿ, ಮದರಾಸುಗಳಲ್ಲಿ ವಿಶ್ವವಿದ್ಯಾನಿಲಯಗಳು ಸ್ಥಾಪಿತವಾಗಿ, ನಮ್ಮ ದೇಶದ ತರುಣರು ಇಂಗ್ಲಿಷ್ ಕಾವ್ಯದಲ್ಲಿ ಪರೀಕ್ಷೆ ಬರೆಯಲಾರಂಭಿಸಿದ ಎಷ್ಟೋ ಕಾಲದ ಮೇಲೆ, 1894ರಲ್ಲಿ, ಆಕ್ಸ್‌ಫರ್ಡಿನವರು ತಮ್ಮದೇ ಭಾಷೆಯ ಸಾಹಿತ್ಯಕ್ಕೆ ಒಂದು ಪ್ರತ್ಯೇಕ ವಿಭಾಗವನ್ನು ತೆರೆದರು. ಕಾವ್ಯವನ್ನು ಸವಿಯುವುದಕ್ಕಿಂತ ಮುಂಚೆ ಕಾವ್ಯದಲ್ಲಿ ಉತ್ತೀರ್ಣರಾಗುವುದನ್ನು ಕಲಿತವರು ನಾವು. ಪಾಲ್‌ಗ್ರೇವನ ‘ಗೋಲ್ಡನ್ ಟ್ರೆಷರಿ’ಯು ತಲೆಮಾರುಗಳ ಕಾಲ ನಮ್ಮ ಕಾಲೇಜುಗಳಲ್ಲಿ ಪಠ್ಯವಾಗಿತ್ತು, ಅದನ್ನು ಓದಿ ಪರೀಕ್ಷೆ ಮುಗಿದ ಮರುದಿನವೇ ಮಾರಿದವರೂ ಅಸಂಖ್ಯರು. ಅಂಥ ತರಗತಿಗಳಲ್ಲಿಯೇ ಬಿ. ಎಂ. ಶ್ರೀಕಂಠಯ್ಯನವರಂಥ ಗುರುಗಳೊಬ್ಬರಿದ್ದು, ಆ ಸಂಕಲನದ ಹಲವು ಕವಿತೆಗಳೇ 1926ರ ‘ಇಂಗ್ಲಿಷ್ ಗೀತೆಗಳು’ ಎಂಬ ಪುಸ್ತಕದಲ್ಲಿ ಕನ್ನಡದ ಹೊಸ ಕಾವ್ಯಕ್ಕೆ ದಾರಿಮಾಡಿದ್ದು ನಮ್ಮ ಭಾಗ್ಯ. ಪರೀಕ್ಷಾಪದ್ಧತಿಗೆ ಅದರಲ್ಲಿ ಪಾಲಿಲ್ಲ.

ಪದ್ಧತಿಯ ದೋಷವಿರುವುದು ಎಲ್ಲಿ? ಕಾವ್ಯಪತ್ರಿಕೆಯ ಪರೀಕ್ಷಾಮಂದಿರದೊಳಗೆ ಕವಿತೆಗೆ ಪ್ರವೇಶವಿಲ್ಲ. ವಿದ್ಯಾರ್ಥಿಯ ಕೈಗೆ ಬರುವುದು ಪ್ರಶ್ನೆ; ಅವನು ಕೊಡಬೇಕಾದದ್ದು ಉತ್ತರ; ಇವೆರಡರ ನಡುವೆ ಇರಬೇಕಾಗಿದ್ದ ಹದಿನಾಲ್ಕು ಅಥವಾ ಐವತ್ತು ಪಂಕ್ತಿಗಳು ಮನೆಯಲ್ಲೋ ಹಾಸ್ಟೆಲಿನಲ್ಲೋ ಉಳಿದಿರುತ್ತವೆ. ಸಂದರ್ಭ ಸಹಿತ ವಿವರಿಸಿರೆಂದು ಎರಡು ಸಾಲು ಕೊಡುವುದುಂಟು; ಅದೂ ಜ್ಞಾಪಕಶಕ್ತಿಯ ಪರೀಕ್ಷೆಯೇ ಹೊರತು ಬೇರೆಯಲ್ಲ. ‘ಈ ಕವಿತೆಯಲ್ಲಿ ಕವಿಯ ಪ್ರಕೃತಿದೃಷ್ಟಿಯನ್ನು ವಿಮರ್ಶಿಸಿ’ ಎಂದು ಕೇಳಿದಾಗ, ಪ್ರಕೃತಿಯೂ ಎದುರಿಗಿಲ್ಲದೆ ಕವಿತೆಯೂ ಎದುರಿಗಿಲ್ಲದೆ ಇರುವ ಇಪ್ಪತ್ತು ವರ್ಷದ ಹುಡುಗಿಯು, ಗೈಡಿನ ಸಮ್ಮರಿಯನ್ನಲ್ಲದೆ ಇನ್ನೇನನ್ನು ವಿಮರ್ಶಿಸಿಯಾಳು? ಕವಿತೆ ಬೇಡದ ಪರೀಕ್ಷೆಗೆ ಕವಿತೆ ಬೇಡದ ಸಿದ್ಧತೆ ನಡೆಯುತ್ತದೆ. ಸೆಮಿಸ್ಟರ್ ಪದ್ಧತಿಯ ಅವಸರದಲ್ಲಿ ಇದು ಇನ್ನಷ್ಟು ಬಲವಾಗಿದೆ.

ಆದರೂ ಕೂಡಿ ಓದುವುದರಲ್ಲಿ ಎಂಥ ಸತ್ತ್ವವಿದೆಯೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಈಚೆಗೆ ಹಾಸನ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರ ಕಾಲೇಜಿಗೆ ಕಾರ್ಯನಿಮಿತ್ತ ಹೋಗಿದ್ದಾಗ, ವರಾಂಡದ ಕೊನೆಯಲ್ಲಿ ಮೂವರು ಹುಡುಗಿಯರೂ ಇಬ್ಬರು ಹುಡುಗರೂ ಬ್ರೌನಿಂಗ್ ಕವಿಯ ‘ಮೈ ಲಾಸ್ಟ್ ಡಚೆಸ್’ ಓದುತ್ತಿದ್ದರು. 1842ರಲ್ಲಿ ಅಚ್ಚಾದ ಆ ಕವಿತೆಯಲ್ಲಿ, ಫೆರಾರದ ಡ್ಯೂಕನು ಗೋಡೆಯ ಮೇಲಿನ ಪರದೆಯನ್ನು ಸರಿಸಿ, ತೀರಿಹೋದ ಹೆಂಡತಿಯ ಚಿತ್ರವನ್ನು ಅತಿಥಿಯೊಬ್ಬನಿಗೆ ತೋರಿಸುತ್ತ, ಅವಳು ಎಲ್ಲರಿಗೂ ಸಮನಾಗಿ ಮುಗುಳ್ನಗೆ ಬೀರುತ್ತಿದ್ದಳೆಂಬುದನ್ನೇ ಅಪರಾಧವೆಂಬಂತೆ ವರ್ಣಿಸುತ್ತಾನೆ. ಆ ಅತಿಥಿ ಬಂದಿರುವುದು ಡ್ಯೂಕನ ಮುಂದಿನ ಮದುವೆಯ ಮಾತುಕತೆಗೆ, ಕನ್ಯಾಪಿತೃವಾದ ಕೌಂಟನ ಪರವಾಗಿ. ವರದಕ್ಷಿಣೆಯ ಪ್ರಸ್ತಾಪವೂ ಬರುತ್ತದೆ. ಗುಂಪಿನಲ್ಲಿ ಒಬ್ಬನು ಗೈಡನ್ನು ತೆರೆದು, ‘ಡ್ಯೂಕ್ ಅವಳನ್ನು ಕೊಲ್ಲಿಸಿದ ಅಂತ ಬರ್ಕೊಳ್ರೋ, ಮುಗೀತು’ ಎಂದನು. ಅಷ್ಟರಲ್ಲಿ ದುಪ್ಪಟ್ಟದ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದ ಹುಡುಗಿಯೊಬ್ಬಳು ತಲೆಯೆತ್ತಿ, ‘ಇರೋ ಸ್ವಲ್ಪ. ಹೆಣ್ಣಿನ ಕಡೆಯವರು ಮಾತಿಗೆ ಬಂದಿದಾರೆ. ಅಂಥೋರ ಮುಂದೆ ಯಾರಾದ್ರೂ ಹಿಂದಿನ ಹೆಂಡ್ತಿ ಕಥೆ ಹೇಳ್ತಾರೇನೋ? ನಮ್ಮೂರಲ್ಲಾದ್ರೆ ಮುಚ್ಚಿಡ್ತಾರೆ. ಇವನು ಬೇಕೂಂತಲೇ ಹೇಳ್ತಿದಾನೆ’ ಎಂದಳು. ಇನ್ನೊಬ್ಬಳು ಒಪ್ಪಲಿಲ್ಲ: ‘ಬೆದರಿಸೋಕಲ್ಲ ಕಣೇ, ಜಂಭಕ್ಕೆ. ತನ್ನ ಬಾಯಿಂದ ಏನು ಬೀಳ್ತಿದೆ ಅಂತ ಅವನಿಗೇ ಗೊತ್ತಿಲ್ಲ.’

ಆ ಕವಿತೆಯನ್ನು ಕುರಿತ ವಿದ್ವಾಂಸರ ವಿವಾದದ ಮರ್ಮವೇ ಇದು. ಡ್ಯೂಕನು ತಿಳಿದು ನುಡಿಯುತ್ತಾನೆಯೋ, ತಿಳಿಯದೆ ತನ್ನನ್ನು ತಾನು ಬಯಲುಮಾಡಿಕೊಳ್ಳುತ್ತಾನೆಯೋ ಎಂಬುದರ ಮೇಲೆ ಎಷ್ಟೋ ಪುಟಗಳು ಬರೆಯಲ್ಪಟ್ಟಿವೆ. ಆ ಪುಟಗಳಲ್ಲಿ ಒಂದನ್ನೂ ಕಾಣದ ಮಕ್ಕಳು, ತಮ್ಮ ಮನೆಗಳಲ್ಲಿ ಕಂಡ ಹೆಣ್ಣು ಕೇಳುವ ಶಾಸ್ತ್ರದ ತಿಳಿವಳಿಕೆಯಿಂದಲೇ ಅಲ್ಲಿಗೆ ತಲಪಿದ್ದರು. ಕೊಲೆಯ ವಿಷಯದಲ್ಲಿಯಾದರೂ ಗೈಡಿನ ನಿಶ್ಚಯವು ಕವಿಗೇ ಇರಲಿಲ್ಲ. ಡ್ಯೂಕನು ಏನು ಆಜ್ಞೆಯಿತ್ತನೆಂದು ಮುಂದೊಮ್ಮೆ ಕೇಳಿದವರಿಗೆ, ಅವಳನ್ನು ಕೊಲ್ಲಿಸಿರಬಹುದು, ಇಲ್ಲವೆ ಕನ್ಯಾಮಠದಲ್ಲಿ ಇರಿಸಿದ್ದಿರಬಹುದು ಎಂದು ಬ್ರೌನಿಂಗ್ ಎರಡನ್ನೂ ಬಿಟ್ಟುಕೊಟ್ಟನಂತೆ. ಇದನ್ನು ಹೇಳಿದಾಗ ಗೈಡ್ ಹಿಡಿದಿದ್ದ ಹುಡುಗನು, ‘ಹಾಗಾದ್ರೆ ಎಕ್ಸಾಮಲ್ಲಿ ಯಾವುದು ಬರೀಬೇಕು ಸಾರ್?’ ಎಂದು ಕೇಳಿದನು. ಕೇಳತಕ್ಕ ಪ್ರಶ್ನೆಯೇ, ಉತ್ತರ ಕೊಡಬೇಕಾದವರು ಪ್ರಶ್ನಪತ್ರಿಕೆಯನ್ನು ಸಿದ್ಧಪಡಿಸುವ ಮಹನೀಯರು.

ಆಮೇಲೆ ನಡೆದದ್ದು ಇನ್ನೂ ಸ್ವಾರಸ್ಯವಾಗಿತ್ತು. ಮೊದಲಿನ ಹುಡುಗಿಯು ಕವಿತೆಯನ್ನು ಗಟ್ಟಿಯಾಗಿ ಓದತೊಡಗಿದಳು. ಸಾಲು ಮುಗಿದಲ್ಲೆಲ್ಲ ನಿಲ್ಲಿಸಿ ಓದಿದಾಗ ಅದು ಮಗ್ಗಿಯಂತೆ ಕೇಳುತ್ತಿತ್ತು. ವಾಕ್ಯ ಮುಗಿಯುವವರೆಗೆ ಉಸಿರು ಹಿಡಿದು ಓದಿ ನೋಡೆಂದಾಗ, ಐವತ್ತಾರು ಪಂಕ್ತಿಗಳುದ್ದಕ್ಕೂ ಎರಡೆರಡು ಸಾಲಿಗೆ ಬರುವ ಅಂತ್ಯಪ್ರಾಸವು ಕಿವಿಗೆ ಬೀಳದೆ ಮರೆಯಾಗಿ, ಒಬ್ಬ ಸಭ್ಯ ಶ್ರೀಮಂತನು ಸಹಜವಾಗಿ ಮಾತನಾಡುತ್ತಿರುವಂತೆಯೇ ಆಯಿತು. ಕಟ್ಟುನಿಟ್ಟಾದ ಛಂದಸ್ಸಿನ ಮೇಲೆ ನಯವಾದ ಮಾತಿನ ಹೊದಿಕೆ. ಆ ಡ್ಯೂಕನ ಶೀಲವೂ ಅಂಥದ್ದೇ ಅಲ್ಲವೆ? ಮೌನವಾಗಿ ಓದಿದ ಕಣ್ಣಿಗೆ ದಕ್ಕದ ಈ ವಿಷಯವು ಧ್ವನಿಗೆ ದಕ್ಕಿತು. ಮತ್ತೊಬ್ಬರು ಕೇಳುತ್ತಿದ್ದಾರೆಂಬ ಎಚ್ಚರವಿಲ್ಲದೆ ಯಾರೂ ಹಾಗೆ ಗಟ್ಟಿಯಾಗಿ ಓದಲಾರರು.

ಕನ್ನಡಿಗರಿಗೆ ಇದು ಹೊಸ ಸಂಗತಿಯೇನೂ ಅಲ್ಲ. ಗಮಕಿಯು ಕುಮಾರವ್ಯಾಸನ ಷಟ್ಪದಿಯನ್ನು ವಾಚಿಸುವುದು, ಪಕ್ಕದಲ್ಲಿ ಕುಳಿತ ವ್ಯಾಖ್ಯಾನಕಾರನು ಅರ್ಥವನ್ನು ಬಿಡಿಸುವುದು, ಚಾವಡಿಯ ಕಂಬಕ್ಕೊರಗಿದ ಅನಕ್ಷರಸ್ಥ ಹಿರಿಯನು ‘ಅಲ್ಲಿ ಕರ್ಣನ ಮನಸ್ಸಿನಲ್ಲಿ ಇದ್ದದ್ದು ಅದಲ್ಲ ಸ್ವಾಮಿ’ ಎಂದು ತಡೆಯುವುದು, ಇವೆಲ್ಲ ಸೇರಿ ನಮ್ಮ ಕಾವ್ಯಾಧ್ಯಯನವಾಗಿತ್ತು. ಶಿವಮೊಗ್ಗದ ಬಳಿಯ ಹೊಸಹಳ್ಳಿಯ ಗಮಕಿ ಎಚ್. ಆರ್. ಕೇಶವಮೂರ್ತಿಗಳಿಗೆ 2022ರಲ್ಲಿ ಪದ್ಮಶ್ರೀ ದೊರೆತಾಗ ನಾವೆಲ್ಲರೂ ಹೆಮ್ಮೆಪಟ್ಟೆವು. ಅವರ ವಿದ್ಯೆಯ ಛಾಯೆಯೊಂದನ್ನೂ ಕಾವ್ಯದ ತರಗತಿಯೊಳಗೆ ಬಿಟ್ಟುಕೊಳ್ಳಲಿಲ್ಲ.

ಪರದೇಶದ ಭಾಷೆಯ ಕಾವ್ಯವನ್ನು ನಮ್ಮ ಹಳ್ಳಿಯ ಮಕ್ಕಳು ಸ್ವತಂತ್ರವಾಗಿ ಅರ್ಥಮಾಡಿಕೊಳ್ಳಲಾರರು, ಆದ್ದರಿಂದ ಗೈಡು ಅನಿವಾರ್ಯ ಎನ್ನುವವರಿದ್ದಾರೆ. ಅವರು ಐ. ಎ. ರಿಚರ್ಡ್ಸ್ 1929ರಲ್ಲಿ ಪ್ರಕಟಿಸಿದ ‘ಪ್ರಾಕ್ಟಿಕಲ್ ಕ್ರಿಟಿಸಿಸಂ’ ಗ್ರಂಥವನ್ನು ನೆನೆಯಬೇಕು. ಕೇಂಬ್ರಿಜ್ಜಿನ ವಿದ್ಯಾರ್ಥಿಗಳಿಗೆ ಆತನು ಕವಿಯ ಹೆಸರನ್ನು ಮರೆಮಾಡಿ ಹದಿಮೂರು ಕವಿತೆಗಳನ್ನು ಕೊಟ್ಟು ಅಭಿಪ್ರಾಯಗಳನ್ನು ಬರೆಯಿಸಿದಾಗ, ಇಂಗ್ಲಿಷನ್ನು ತೊಟ್ಟಿಲಿನಲ್ಲಿಯೇ ಕಲಿತ ಆ ತರುಣರು ಡನ್ ಕವಿಯನ್ನು ಹಳಿದರು, ಹಾಪ್ಕಿನ್ಸ್‌ನನ್ನು ತಿಳಿಯದೆ ತಡವರಿಸಿದರು, ಸಾಧಾರಣ ಪದ್ಯಗಳನ್ನು ಹೊಗಳಿದರು. ಮಾತೃಭಾಷೆಯಾದ ಮಾತ್ರಕ್ಕೆ ಕವಿತೆ ವಶವಾಗದು. ಪರಭಾಷೆಯಾದ ಮಾತ್ರಕ್ಕೆ ನಿಲುಕದಿರುವುದೂ ಇಲ್ಲ. ಅದೇ ಕೇಂಬ್ರಿಜ್ಜಿನಲ್ಲಿ ಎಫ್. ಆರ್. ಲೀವಿಸ್‌ನ ಶಿಷ್ಯರಾಗಿದ್ದು ಮೈಸೂರಿಗೆ ಮರಳಿ ಮಹಾರಾಜ ಕಾಲೇಜಿನಲ್ಲಿ ಬೋಧಿಸಿದ ಸಿ. ಡಿ. ನರಸಿಂಹಯ್ಯನವರು 1979ರಲ್ಲಿ ‘ಧ್ವನ್ಯಾಲೋಕ’ವನ್ನು ಸ್ಥಾಪಿಸಿದ್ದೂ, ಕಾವ್ಯವನ್ನು ಹತ್ತು ಜನ ಕಲೆತು ಚರ್ಚಿಸುವ ಸ್ಥಳವೊಂದು ಬೇಕೆಂಬ ಶ್ರದ್ಧೆಯಿಂದಲೇ.

ಇಂಗ್ಲೆಂಡಿನಲ್ಲಿ ಎಲ್ಲವೂ ಸರಿಯಾಗಿದೆಯೆಂದು ಭ್ರಮಿಸಬೇಕಾಗಿಲ್ಲ. ಅಲ್ಲಿಯ ಹದಿನಾರು ವರ್ಷದ ಮಕ್ಕಳು ಬರೆಯುವ ಜಿಸಿಎಸ್‌ಇ ಪರೀಕ್ಷೆಯಲ್ಲಿ, ಎಕ್ಯೂಎ ಎಂಬ ಮಂಡಳಿಯವರು ನಿಗದಿಪಡಿಸಿದ ಹದಿನೈದು ಕವಿತೆಗಳ ಗುಚ್ಛದಿಂದ ಒಂದನ್ನು ಪ್ರಶ್ನಪತ್ರಿಕೆಯಲ್ಲಿಯೇ ಅಚ್ಚುಮಾಡಿ, ಅದನ್ನು ಇನ್ನೊಂದರೊಡನೆ ಹೋಲಿಸಿರೆಂದು ಕೇಳುತ್ತಾರೆ. ಆ ಇನ್ನೊಂದು ಮಾತ್ರ ನೆನಪಿನಿಂದಲೇ ಬರಬೇಕು. ಆದಕಾರಣ ಅಲ್ಲಿಯ ಮಕ್ಕಳೂ ಸಾಲುಗಳನ್ನು ಚೀಟಿಗಳ ಮೇಲೆ ಬರೆದು ಗೆಳೆಯರೊಡನೆ ಉರುಹೊಡೆಯುತ್ತಾರೆ. ಕೋವಿಡ್ ತಂದಿತ್ತ ಅಡಚಣೆಯ ನೆವದಲ್ಲಿ 2022ರ ಪರೀಕ್ಷೆಯಲ್ಲಿ ಕಾವ್ಯಭಾಗವನ್ನೇ ಬಿಟ್ಟುಬಿಡಲು ಶಾಲೆಗಳಿಗೆ ಅವಕಾಶವಿತ್ತು, ಷೇಕ್ಸ್‌ಪಿಯರನನ್ನು ಬಿಡಲು ಇರಲಿಲ್ಲ! ಅದೇನೇ ಇರಲಿ, ಅಲ್ಲಿಯ ಪತ್ರಿಕೆಯಲ್ಲಿ ಹಿಂದೆಂದೂ ಓದದ ಕವಿತೆಗಳನ್ನು ಮುಂದಿಟ್ಟು ಪ್ರಶ್ನೆ ಕೇಳುವ ಭಾಗವೊಂದು ತಪ್ಪದೆ ಇರುತ್ತದೆ. ಆ ಭಾಗಕ್ಕೆ ಯಾವ ಗೈಡೂ ಒದಗದು. ಗೆಳೆಯರೊಡನೆ ವಾದಿಸಿ ಹರಿತವಾದ ಬುದ್ಧಿಯೊಂದೇ ಒದಗಬೇಕು.

ನಮ್ಮಲ್ಲಿ ಇದನ್ನು ತರುವುದಕ್ಕೆ ಇರುವ ಅಡ್ಡಿಗಳೇನು? ಒಬ್ಬೊಬ್ಬನ ಉತ್ತರವೂ ಒಂದೊಂದು ತೆರನಾದರೆ ಮೌಲ್ಯಮಾಪನ ಕಷ್ಟವೆನ್ನುತ್ತಾರೆ. ಕಷ್ಟವೇ ಸರಿ, ಎಲ್ಲ ಉತ್ತರಗಳೂ ಒಂದೇ ತೆರನಾಗಿರುವಾಗ ಅಂಕ ಕೊಡುವುದು ಸುಲಭವೆಂಬುದು ಪದ್ಧತಿಯ ಸಮರ್ಥನೆಯಾಗಲಾರದು. ಮಕ್ಕಳ ಇಂಗ್ಲಿಷು ದುರ್ಬಲವೆನ್ನುತ್ತಾರೆ. ಆ ವರಾಂಡದ ಹುಡುಗಿಯು ಕನ್ನಡದಲ್ಲಿ ಕಂಡುಕೊಂಡದ್ದನ್ನು ಇಂಗ್ಲಿಷಿನಲ್ಲಿ ಹೇಳುವಾಗ ನಾಲ್ಕು ಕಡೆ ವ್ಯಾಕರಣ ತಪ್ಪೀತು. ಆ ನಾಲ್ಕು ತಪ್ಪುಗಳ ಉತ್ತರವನ್ನು ಗೈಡಿನ ನಿರ್ದುಷ್ಟ ಪ್ಯಾರಾಕ್ಕಿಂತ ಮೇಲೆಂದು ಎಣಿಸುವ ಧೈರ್ಯವು ಪರೀಕ್ಷಕರಲ್ಲಿ ಇರತಕ್ಕದ್ದು. ಇನ್ನು ಖರ್ಚಿನ ಮಾತು ಬಂದರೆ, ಒಂದು ಸಾನೆಟ್ಟನ್ನು ಅಚ್ಚುಹಾಕಲು ಅರ್ಧ ಪುಟ ಸಾಕು.

ಆದ್ದರಿಂದ ರಾಜ್ಯದ ವಿಶ್ವವಿದ್ಯಾನಿಲಯಗಳ ಇಂಗ್ಲಿಷ್ ಅಧ್ಯಯನ ಮಂಡಳಿಗಳ ಸದಸ್ಯರಲ್ಲಿ ನನ್ನ ವಿನಂತಿಯಿಷ್ಟು: ಯಾವ ಕವಿತೆಯ ಮೇಲೆ ಪ್ರಶ್ನೆ ಕೇಳುವಿರೋ ಆ ಕವಿತೆಯನ್ನು, ದೀರ್ಘವಾದದ್ದಾದರೆ ಅದರ ತಕ್ಕ ಭಾಗವನ್ನು, ಪ್ರಶ್ನೆಯ ಮೇಲ್ಗಡೆಯೇ ಅಚ್ಚುಮಾಡಿ ಕೊಡಿ, ಪಠ್ಯದಲ್ಲಿಲ್ಲದ ಒಂದು ಕಿರುಗವಿತೆಯನ್ನೂ ಜೊತೆಗೆ ಕೊಟ್ಟು ಅದಕ್ಕೆ ಹತ್ತು ಅಂಕಗಳನ್ನಾದರೂ ಮೀಸಲಿಡಿ. ಮುಂದಿನ ಪಠ್ಯಕ್ರಮವನ್ನು ಪರಿಷ್ಕರಿಸಲು ಸಭೆ ಸೇರುವಾಗ ಈ ಎರಡು ಅಂಶಗಳನ್ನು ಕಾರ್ಯಸೂಚಿಯಲ್ಲಿ ಸೇರಿಸಿಕೊಳ್ಳಬೇಕೆಂದು ಕೋರುತ್ತೇನೆ.