ದಾರಿಬದಿಯ ನೋಟ: ಲೆಕ್ಕಕ್ಕೆ ಬಾರದ ಆಸ್ತಿ

ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯನ್ನು 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಪ್ರಧಾನ ಮಂತ್ರಿಗಳು ಲೋಕಾರ್ಪಣೆ ಮಾಡಿದರು. ಸುಮಾರು 118 ಕಿ.ಮೀ. ಉದ್ದದ ಈ ಯೋಜನೆಗೆ ತಗುಲಿದ ವೆಚ್ಚ ಸುಮಾರು 8,480 ಕೋಟಿ ರೂಪಾಯಿ. ಮೂರು ಗಂಟೆಯ ಪ್ರಯಾಣವು ಒಂದೂವರೆ ಗಂಟೆಗೆ ಇಳಿಯುವುದೆಂಬುದು ಯೋಜನೆಯ ಮುಖ್ಯ ಸಮರ್ಥನೆಯಾಗಿತ್ತು. ಕಾಲದ ಉಳಿತಾಯ, ವಾಹನಗಳ ಸಂಖ್ಯೆ, ಟೋಲ್ ಆದಾಯ, ಭೂಸ್ವಾಧೀನದ ಪರಿಹಾರ ಇವೆಲ್ಲವುಗಳಿಗೂ ಒಂದೊಂದು ಅಂಕಿ ದೊರೆಯಿತು. ಯಾವ ಅಂಕಿಯೂ ದೊರೆಯದೆ ಉಳಿದುಹೋದ ಬಾಬು ಒಂದಿದೆ. ಅದು ರಸ್ತೆಯ ಎರಡೂ ಬದಿಗಳಲ್ಲಿ ಪ್ರಯಾಣಿಕನ ಕಣ್ಣಿಗೆ ಬೀಳುವ ಭೂದೃಶ್ಯ.

ಭೂದೃಶ್ಯವೆಂಬುದು ಕವಿಗಳಿಗೂ ಪ್ರವಾಸಿಗಳಿಗೂ ಸೇರಿದ ವಿಷಯ, ಅಂಗಡಿ ಬಾಗಿಲು ತೆರೆದು ಕುಳಿತವರಿಗೆ ಅದರಿಂದ ಏನಾಗಬೇಕಾಗಿದೆ ಎಂಬ ಪ್ರಶ್ನೆ ಸಹಜವಾದುದು. ಆದರೆ ಮಂಡ್ಯ ಜಿಲ್ಲೆಯ ಹೆದ್ದಾರಿ ವ್ಯಾಪಾರದ ಸ್ವರೂಪವನ್ನು ಬಲ್ಲವರು ಈ ಪ್ರಶ್ನೆಯನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾರರು. ಮದ್ದೂರಿನ ವಡೆಯು 1917ರಲ್ಲಿ ರೈಲು ನಿಲ್ದಾಣದಲ್ಲಿ ಹುಟ್ಟಿ, ತರುವಾಯ ರಸ್ತೆಗೆ ಬಂದು ನೂರಾರು ಕುಟುಂಬಗಳ ಜೀವನಾಧಾರವಾದುದು ರೈಲೂ ವಾಹನವೂ ಅಲ್ಲಿ ನಿಲ್ಲುತ್ತಿದ್ದುದರಿಂದ. ಎಳನೀರು, ಕಬ್ಬಿನ ಹಾಲು, ಬೆಲ್ಲ, ಚನ್ನಪಟ್ಟಣದ ಗೊಂಬೆ ಇವೆಲ್ಲವೂ ನಿಂತ ವಾಹನಕ್ಕೆ ಮಾರಾಟವಾಗುವ ಸರಕುಗಳೇ ಹೊರತು ಓಡುವ ವಾಹನಕ್ಕಲ್ಲ. ವಾಹನವು ನಿಲ್ಲುವುದಕ್ಕೆ ಎರಡೇ ಕಾರಣಗಳು: ಒಂದು ಅಗತ್ಯ, ಇನ್ನೊಂದು ಇಷ್ಟ. ಅಗತ್ಯಕ್ಕೆ ನಿಲ್ಲುವವನು ಹತ್ತು ನಿಮಿಷದಲ್ಲಿ ಹೊರಡುತ್ತಾನೆ. ಇಷ್ಟಪಟ್ಟು ನಿಲ್ಲುವವನು ಮಡದಿ ಮಕ್ಕಳೊಡನೆ ಇಳಿದು, ಕಾಫಿ ಕುಡಿದು, ಎರಡು ಕಿಲೋ ಬೆಲ್ಲವನ್ನು ಚೀಲಕ್ಕೆ ಹಾಕಿಕೊಂಡು ಹೋಗುತ್ತಾನೆ.

ಹೊಸ ಹೆದ್ದಾರಿಯು ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಪಟ್ಟಣಗಳನ್ನು ಬೈಪಾಸ್ ಹಾಗೂ ಮೇಲ್ಸೇತುವೆಗಳ ಮೂಲಕ ಬದಿಗಿರಿಸಿದ ಮೇಲೆ ಹಳೆಯ ರಸ್ತೆಯ ಹೋಟೆಲುಗಳ, ಗೊಂಬೆ ಅಂಗಡಿಗಳ ವ್ಯಾಪಾರ ಕುಸಿದ ಸಂಗತಿ ಸರ್ವವಿದಿತ. ಇಲ್ಲಿ ಒಂದು ವೈಚಿತ್ರ್ಯವನ್ನು ಗಮನಿಸಬೇಕು. ನೋಟದ ದೃಷ್ಟಿಯಿಂದ ಮಾತ್ರ ಹೇಳುವುದಾದರೆ, ಗದ್ದೆಗಳ ನಡುವೆ ಎತ್ತರದಲ್ಲಿ ಹಾದುಹೋಗುವ ಮಂಡ್ಯದ ಬೈಪಾಸು ಹಳೆಯ ಪೇಟೆಯ ರಸ್ತೆಗಿಂತ ಎಷ್ಟೋ ಮೇಲು. ಭತ್ತ, ಕಬ್ಬು, ತೆಂಗಿನ ಸಾಲು, ದೂರದ ಗುಡ್ಡ ಎಲ್ಲವೂ ಅಲ್ಲಿ ಕಾಣಸಿಗುತ್ತವೆ. ಆದರೆ ಗಂಟೆಗೆ 100 ಕಿ.ಮೀ. ವೇಗದಲ್ಲಿ ಓಡುವ ಕಾರು ಅರ್ಧ ಕಿಲೋಮೀಟರಿನ ನೋಟವನ್ನು 18 ಸೆಕೆಂಡುಗಳಲ್ಲಿ ದಾಟುತ್ತದೆ; ತಂತಿಬೇಲಿಯ ಆಚೆಗೆ ಇಳಿಯುವಂತಿಲ್ಲ, ನಿಲ್ಲುವಂತಿಲ್ಲ. ನೋಟವಿದ್ದ ಕಡೆ ನಿಲುಗಡೆಯಿಲ್ಲ. ನಿಲುಗಡೆಯಿದ್ದ ಹಳೆಯ ರಸ್ತೆಯಲ್ಲಿ ನೋಟವನ್ನು ಜಾಹೀರಾತು ಫಲಕಗಳು ಎಂದೋ ನುಂಗಿ ಹಾಕಿದ್ದವು. ಈ ಎರಡನೆಯ ಮಾತಿನಲ್ಲಿ ವರ್ತಕ ಸಮುದಾಯದ ಪಾಲೂ ಇದೆ ಎಂಬುದನ್ನು ಹೇಳದಿರುವುದು ಪ್ರಾಮಾಣಿಕತೆಯಾಗದು.

ಮಂಡ್ಯದ ಹಸಿರನ್ನು ಪ್ರಕೃತಿಯು ಪುಕ್ಕಟೆಯಾಗಿ ಕೊಟ್ಟದ್ದೆಂದು ಭಾವಿಸುವುದು ವಾಡಿಕೆ. ವಾಸ್ತವದಲ್ಲಿ ಅದು ಬಂಡವಾಳ ಹೂಡಿಕೆಯ ಫಲ. 1911ರಲ್ಲಿ ಕೃಷ್ಣರಾಜಸಾಗರದ ಕಾಮಗಾರಿ ಆರಂಭವಾಗಿ, ಮುಂದೆ ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ, ಹರಿದ ಮೇಲೆಯೇ ಮಳೆಯನ್ನೇ ನಂಬಿದ್ದ ಈ ಬೆದ್ದಲು ಸೀಮೆ ಗದ್ದೆಯ ನಾಡಾಯಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು, 1939ರಲ್ಲಿ ಜಿಲ್ಲೆಯೇ ರಚನೆಗೊಂಡಿತು. ಹೆದ್ದಾರಿಯಿಂದ ಕಾಣುವ ಪ್ರತಿಯೊಂದು ಹಸಿರು ಗದ್ದೆಯ ಹಿಂದೆ ಮೈಸೂರು ಸಂಸ್ಥಾನದ ಖಜಾನೆಯ ಹಣವೂ ಮೂರ್ನಾಲ್ಕು ತಲೆಮಾರಿನ ರೈತರ ದುಡಿಮೆಯೂ ಇದೆ. ಆದುದರಿಂದಲೇ ಇದಕ್ಕೆ ಸವಕಳಿಯೂ ಉಂಟು. 2023ರ ಬರಗಾಲದಲ್ಲಿ ಅಣೆಕಟ್ಟೆಯ ನೀರು ಸಾಲದೆ ಗದ್ದೆಗಳು ಬಣಗುಟ್ಟಿದಾಗ, ಕಾವೇರಿಗಾಗಿ ರೈತರು ಇದೇ ರಸ್ತೆಗಳಲ್ಲಿ ಕುಳಿತಾಗ, ಈ ನೋಟವು ಕನ್ನಂಬಾಡಿಯ ನೀರಿನ ಮಟ್ಟಕ್ಕೆ ಎಷ್ಟು ಬಿಗಿಯಾಗಿ ಕಟ್ಟುಬಿದ್ದಿದೆ ಎಂಬುದು ಎಲ್ಲರಿಗೂ ಕಂಡಿತು.

ಇಷ್ಟಾದರೂ ಇದು ಯಾವ ಲೆಕ್ಕಪುಸ್ತಕದಲ್ಲೂ ಇಲ್ಲ. ಲೆಕ್ಕಶಾಸ್ತ್ರದಲ್ಲಿ ಇದಕ್ಕೆ ಹತ್ತಿರದ ಒಂದು ನಿಯಮವಿದೆ. ಭಾರತೀಯ ಲೆಕ್ಕಪತ್ರ ಮಾನದಂಡ 26ರ ಪ್ರಕಾರ, ಸಂಸ್ಥೆಯೊಂದು ತನ್ನೊಳಗೇ ಬೆಳೆಸಿಕೊಂಡ ಗುಡ್‌ವಿಲ್ಲನ್ನು ಆಸ್ತಿಯೆಂದು ತೋರಿಸುವಂತಿಲ್ಲ. ಮೂರು ತಲೆಮಾರು ನಡೆಸಿದ ಅಂಗಡಿಯ ಹೆಸರಿಗೆ ಢಾವಣಿ ಪತ್ರಿಕೆಯಲ್ಲಿ ಬೆಲೆ ಸೊನ್ನೆ. ಅದೇ ಅಂಗಡಿಯನ್ನು ಬೇರೊಬ್ಬರು ಕೊಂಡಾಗ ಮಾತ್ರ ಆ ಹೆಸರಿಗೆ ಅಂಕಿ ಬರುತ್ತದೆ. ನಿಯಮದ ಹಿಂದಿನ ಎಚ್ಚರಿಕೆ ಸರಿಯಾದುದೇ. ಆದರೆ ಪತ್ರಿಕೆಯಲ್ಲಿ ಸೊನ್ನೆಯಿದೆಯೆಂದು ಯಾವ ವ್ಯಾಪಾರಿಯೂ ತನ್ನ ಹೆಸರನ್ನು ಬೀದಿಗೆ ಎಸೆಯುವುದಿಲ್ಲ. ದಾರಿಬದಿಯ ನೋಟಕ್ಕೆ ಮಾತ್ರ ಹಾಗೆ ಕಾಯುವ ಧಣಿ ಇಲ್ಲ.

ಭೂಸ್ವಾಧೀನದ ಸಂದರ್ಭವನ್ನೇ ನೋಡಬಹುದು. 2013ರ ಕಾಯಿದೆಯಂತೆ ಜಮೀನಿಗೆ ಮಾರುಕಟ್ಟೆ ಬೆಲೆ, ಅದಕ್ಕೆ ಅಂಟಿಕೊಂಡ ಮನೆ, ಬಾವಿ, ಮರಗಳಿಗೆ ಪ್ರತ್ಯೇಕ ಬೆಲೆ, ಒಟ್ಟು ಮೊತ್ತದ ಮೇಲೆ ಶೇ. 100ರ ಸೊಲೇಷಿಯಂ ಸಲ್ಲುತ್ತದೆ. ತೆಂಗಿನ ಮರ ಒಂದಕ್ಕೆ ಇಂತಿಷ್ಟೆಂದು ತೋಟಗಾರಿಕೆ ಇಲಾಖೆಯು ಲೆಕ್ಕ ಕೊಡುತ್ತದೆ. ನಾಲೆಯ ಏರಿಯ ಮೇಲೆ ಸಾಲಾಗಿ ನಿಂತ ನೂರು ತೆಂಗಿನ ಮರಗಳ ಬೆಲೆ ಒಂದರ ಬೆಲೆಯ ನೂರು ಪಟ್ಟು, ಅಷ್ಟೇ. ಸಾಲಿಗೆ ಬೆಲೆಯಿಲ್ಲ. 2021ರಲ್ಲಿ ಬೆಳಕಿಗೆ ಬಂದ ಸುಪ್ರೀಂ ಕೋರ್ಟಿನ ತಜ್ಞ ಸಮಿತಿಯ ವರದಿಯೊಂದು, ಪಶ್ಚಿಮ ಬಂಗಾಳದ ರಸ್ತೆ ಮೇಲ್ಸೇತುವೆಗಳಿಗಾಗಿ ಕಡಿಯಬೇಕಾಗಿದ್ದ ಮರಗಳ ವಿಷಯದಲ್ಲಿ, ಮರವೊಂದರ ಬೆಲೆಯನ್ನು ಅದರ ವಯಸ್ಸಿನ ಪ್ರತಿ ವರ್ಷಕ್ಕೆ 74,500 ರೂಪಾಯಿಯಂತೆ ಕಟ್ಟಿತು. ಅದರಲ್ಲಿ ಆಮ್ಲಜನಕದ ಬಾಬ್ತೇ 45,000. ಈ ಅಂಕಿಯ ಬಗ್ಗೆ ತಕರಾರು ಎತ್ತಬಹುದು. ಆದರೆ ಸೌದೆಯ ಬೆಲೆಗಿಂತ ಬೇರೆಯಾದ ಬೆಲೆಯೊಂದನ್ನು ಕಾಗದದ ಮೇಲೆ ಬರೆದು ನ್ಯಾಯಾಲಯದ ಮುಂದಿಡಲು ಸಾಧ್ಯವೆಂಬುದಂತೂ ತೀರ್ಮಾನವಾಯಿತು.

ನೋಟವನ್ನು ಅಳೆಯುವ ಪ್ರಯತ್ನ ಹೊರದೇಶಗಳಲ್ಲಿ ಹೊಸದೇನಲ್ಲ. ಅರ್ಥಶಾಸ್ತ್ರಜ್ಞ ಹೆರಾಲ್ಡ್ ಹೊಟೆಲಿಂಗ್ 1947ರಲ್ಲಿಯೇ ಅಮೆರಿಕದ ರಾಷ್ಟ್ರೀಯ ಉದ್ಯಾನ ಇಲಾಖೆಗೆ ಪತ್ರ ಬರೆದು, ಜನರು ಎಷ್ಟು ದೂರದಿಂದ ಎಷ್ಟು ಖರ್ಚು ಮಾಡಿ ಬರುತ್ತಾರೆ ಎಂಬುದರಿಂದ ಉದ್ಯಾನದ ಬೆಲೆಯನ್ನು ಕಂಡುಹಿಡಿಯಬಹುದೆಂದು ತಿಳಿಸಿದರು. 1976ರಲ್ಲಿ ಡೇನಿಯಲ್ ಮತ್ತು ಬಾಸ್ಟರ್ ಎಂಬ ಇಬ್ಬರು ಸಂಶೋಧಕರು ಇನ್ನೂ ಸರಳವಾದ ಕ್ರಮವನ್ನು ಪ್ರಕಟಿಸಿದರು: ಭೂಪ್ರದೇಶದ ಚಿತ್ರಗಳನ್ನು ಜನರಿಗೆ ತೋರಿಸಿ ಹತ್ತರೊಳಗೆ ಅಂಕ ಪಡೆಯುವುದು, ಧಾರಾಳವಾಗಿ ಅಂಕ ಕೊಡುವವರಿಗೂ ಬಿಗಿಹಿಡಿದು ಕೊಡುವವರಿಗೂ ಇರುವ ಅಂತರವನ್ನು ಗಣಿತದಿಂದ ಸರಿಪಡಿಸುವುದು. ಪರೀಕ್ಷೆಯ ಉತ್ತರಪತ್ರಿಕೆ ತಿದ್ದಿದವರಿಗೆ ಇದರ ಅಗತ್ಯ ಬಿಡಿಸಿ ಹೇಳಬೇಕಾಗಿಲ್ಲ. 1991ರಲ್ಲಿ ಅಮೆರಿಕವು ರಮಣೀಯ ಮಾರ್ಗಗಳ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿ, ದೃಶ್ಯ, ನಿಸರ್ಗ, ಇತಿಹಾಸ, ಸಂಸ್ಕೃತಿ, ಪ್ರಾಚ್ಯಾವಶೇಷ, ವಿಹಾರ ಎಂಬ ಆರು ಗುಣಗಳಿಂದ ರಸ್ತೆಗಳನ್ನು ಪರಿಶೀಲಿಸುವ ಪದ್ಧತಿ ತಂದಿತು. ನಾರ್ವೆಯು 18 ಮಾರ್ಗಗಳನ್ನು ಆಯ್ದು, ನೋಟವಿರುವ ಕಡೆಯಲ್ಲಿಯೇ ವಾಹನ ನಿಲ್ಲಿಸುವ ತಾಣಗಳನ್ನು ಕಟ್ಟಿತು. ನಮ್ಮ ದೃಷ್ಟಿಯಿಂದ ಈ ಕೊನೆಯ ಉದಾಹರಣೆಯೇ ಹೆಚ್ಚು ಉಪಯುಕ್ತ. ನೋಟಕ್ಕೂ ನಿಲುಗಡೆಗೂ ಅಲ್ಲಿ ಗಂಟು ಹಾಕಲಾಗಿದೆ.

ನಮ್ಮಲ್ಲಿಯೂ ನೀತಿಗಳಿಗೆ ಕೊರತೆಯಿಲ್ಲ. 2015ರ ಹಸಿರು ಹೆದ್ದಾರಿ ನೀತಿಯು ಯೋಜನಾ ವೆಚ್ಚದ ಶೇ. 1ರಷ್ಟನ್ನು ಗಿಡ ನೆಡುವಿಕೆಗೆ ಮೀಸಲಿಡಬೇಕೆಂದು ಹೇಳುತ್ತದೆ. 8,480 ಕೋಟಿಗೆ ಈ ಪ್ರಮಾಣವನ್ನು ಹಚ್ಚಿದರೆ ಸುಮಾರು 85 ಕೋಟಿ ರೂಪಾಯಿಯಾಗುತ್ತದೆ, ಸಣ್ಣ ಮೊತ್ತವಲ್ಲ. ಆದರೆ ಗಿಡ ನೆಡುವುದು ಬೇರೆ, ಇರುವುದನ್ನು ಗುರುತಿಸುವುದು ಬೇರೆ. ಎಲ್ಲಿ ನೆಡಬೇಕು ಎಂಬಷ್ಟೇ ಮುಖ್ಯವಾದುದು ಎಲ್ಲಿ ನೆಡದೆ ಬಯಲನ್ನು ತೆರೆದೇ ಬಿಡಬೇಕು ಎಂಬುದು. ಅದನ್ನು ಹೇಳಲು ದಾಖಲೆ ಬೇಕು.

ಗುರುತಿಸಿದ ನೋಟಕ್ಕೆ ಯಾವ ಬಲ ಬರುತ್ತದೆಂಬುದಕ್ಕೆ ನೆರೆಯಲ್ಲೇ ನಿದರ್ಶನವಿದೆ. ಮಾಗಡಿ ತಾಲ್ಲೂಕಿನ ಹುಲಿಕಲ್–ಕುದೂರು ನಡುವೆ ತಿಮ್ಮಕ್ಕನವರೂ ಅವರ ಪತಿ ಚಿಕ್ಕಯ್ಯನವರೂ ಬೆಳೆಸಿದ ಆಲದ ಸಾಲು, ಬಾಗೇಪಲ್ಲಿ–ಹಲಗೂರು ರಸ್ತೆಯ ಅಗಲೀಕರಣಕ್ಕೆ 2019ರಲ್ಲಿ ಅಡ್ಡ ಬಂದಿತು. ಈ ರಸ್ತೆಯ ತುದಿಯಲ್ಲಿರುವ ಹಲಗೂರು ನಮ್ಮ ಮಳವಳ್ಳಿ ತಾಲ್ಲೂಕಿನದೇ. ತಿಮ್ಮಕ್ಕನವರು ಸರ್ಕಾರಕ್ಕೆ ಮನವಿ ಮಾಡಿಕೊಂಡಾಗ, ಮರಗಳನ್ನು ಉಳಿಸುವ ದಾರಿ ಹುಡುಕುವ ಭರವಸೆ ದೊರೆಯಿತು. 2025ರ ನವೆಂಬರಿನಲ್ಲಿ ನಿಧನರಾದ ಆ ತಾಯಿಯ ಹೆಸರು ಆ ಸಾಲಿಗೆ ಇದ್ದುದರಿಂದಲೇ ವಿಷಯ ಮುಖ್ಯಮಂತ್ರಿಗಳವರೆಗೆ ಹೋಯಿತು. ಹೆಸರಿಲ್ಲದ, ಪಟ್ಟಿಯಲ್ಲಿಲ್ಲದ ಸಾಲುಮರಗಳು ರಾಜ್ಯದ ಎಷ್ಟು ರಸ್ತೆಗಳಲ್ಲಿ ಸದ್ದಿಲ್ಲದೆ ಟಿಂಬರ್ ಡಿಪೋ ಸೇರಿವೆ ಎಂಬುದನ್ನು ಓದುಗರೇ ನೆನಪಿಸಿಕೊಳ್ಳಬಹುದು.

ಈ ವಾದಕ್ಕೆ ಒಂದು ಗಂಭೀರ ಆಕ್ಷೇಪಣೆಯುಂಟು. ನೋಟವು ಎಲ್ಲರದಾದರೂ ಗದ್ದೆ ರೈತನದು. ಬೆಂಗಳೂರಿನ ಕಾರಿನವರ ಕಣ್ಣಿಗೆ ತಂಪಾಗಲೆಂದು ಆತನು ನಷ್ಟದಲ್ಲಿ ಭತ್ತ ಬೆಳೆಯುತ್ತಿರಬೇಕೆ? ಭೂಪರಿವರ್ತನೆ ಮಾಡಿಸಿ ಬಡಾವಣೆಗೆ ಕೊಟ್ಟರೆ ಒಂದೇ ದಿನದಲ್ಲಿ ಬರುವ ಹಣ, ಬೇಸಾಯದಿಂದ ಜೀವಮಾನದಲ್ಲಿ ಬಾರದು. ಜಾಹೀರಾತು ಫಲಕಕ್ಕೆ ಹೊಲದ ಮೂಲೆಯನ್ನು ಬಿಟ್ಟುಕೊಟ್ಟರೂ ವರ್ಷಕ್ಕೊಂದು ಬಾಡಿಗೆ ಖಚಿತ. ಆತನನ್ನು ದೂಷಿಸುವುದು ಅನ್ಯಾಯ. ಬರಿಯ ನಿರ್ಬಂಧದಿಂದಲೂ ಈ ಕೆಲಸ ಆಗದು.

ಇದಕ್ಕೂ ಜಿಲ್ಲೆಯೊಳಗೇ ಒಂದು ಮಾದರಿಯಿದೆ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುವುದು ಗ್ರಾಮಸ್ಥರ ಸ್ವಂತ ಹುಣಸೆ ಮರಗಳಲ್ಲಿ. ಹಕ್ಕಿಗಳಿಂದ ಹುಣಸೆ ಫಸಲು ಕಳೆದುಕೊಳ್ಳುವ ಮರದ ಮಾಲೀಕರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಪದ್ಧತಿ ಬಂದಿತು. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು. ಮರ ಖಾಸಗಿ, ಹಕ್ಕಿಯ ನೋಟ ಸಾರ್ವಜನಿಕ, ನಡುವಿನ ನಷ್ಟಕ್ಕೆ ಸಾರ್ವಜನಿಕ ಹಣ ಎಂಬ ಈ ಲೆಕ್ಕಾಚಾರದಲ್ಲಿ ದೋಷವೇನೂ ಕಾಣುವುದಿಲ್ಲ. ಆಯ್ದ ಕೆಲವು ನೋಟಗಳ ಗದ್ದೆಗಳಿಗೆ, ಫಲಕ ನಿಲ್ಲಿಸುವುದಿಲ್ಲವೆಂಬ ಕರಾರಿನ ಮೇಲೆ, ಫಲಕದ ಬಾಡಿಗೆಯಷ್ಟನ್ನೇ ವರ್ಷ ವರ್ಷವೂ ಕೊಡುವುದು ಟೋಲ್ ಆದಾಯದ ಮುಂದೆ ಅಲ್ಪ ಮೊತ್ತ. ವರ್ತಕರ ಸಂಘಗಳೂ ಅದರಲ್ಲಿ ಒಂದು ಪಾಲು ಹಾಕಲು ಹಿಂಜರಿಯಬೇಕಾಗಿಲ್ಲ. ‘ಒಂದು ಜಿಲ್ಲೆ ಒಂದು ಉತ್ಪನ್ನ’ ಯೋಜನೆಯಲ್ಲಿ ಮಂಡ್ಯಕ್ಕೆ ಬೆಲ್ಲವನ್ನು ಆಯ್ಕೆ ಮಾಡಲಾಗಿದೆ. ಕಬ್ಬಿನ ಗದ್ದೆಯ ಮಧ್ಯೆ ಹೊಗೆಯಾಡುವ ಆಲೆಮನೆಯೊಂದು ರಸ್ತೆಯಿಂದ ಕಂಡರೆ, ಬೆಲ್ಲಕ್ಕೆ ಅದಕ್ಕಿಂತ ದೊಡ್ಡ ಜಾಹೀರಾತು ಇನ್ನಾವುದು?

ಫಲಕಗಳ ವಿಷಯದಲ್ಲಿ ಮಾತ್ರ ಸರ್ಕಾರವನ್ನು ಕಾಯುವ ಕಾರಣವಿಲ್ಲ. ಅಮೆರಿಕವು 1965ರ ಕಾಯಿದೆಯಿಂದ ಮುಖ್ಯ ಹೆದ್ದಾರಿಗಳ 660 ಅಡಿಯೊಳಗಿನ ಫಲಕಗಳನ್ನು ನಿಯಂತ್ರಣಕ್ಕೆ ತಂದಿತು; ನಮ್ಮ ರಾಜ್ಯದಲ್ಲಿಯೂ ತೆರೆದ ಸ್ಥಳಗಳ ವಿರೂಪ ತಡೆಗೆ 1981ರ ಕಾಯಿದೆ ಇದೆ. ಕಾಯಿದೆ ಏನೇ ಇರಲಿ, ಒಬ್ಬರು ಇಪ್ಪತ್ತು ಅಡಿಯ ಫಲಕ ಹಾಕಿದರೆ ಪಕ್ಕದವರು ಮೂವತ್ತು ಅಡಿಯದನ್ನು ಹಾಕಲೇಬೇಕಾಗುವ ಸ್ಪರ್ಧೆಯಲ್ಲಿ ಲಾಭ ಪಡೆದವರು ಫಲಕ ಬರೆಯುವವರು ಮಾತ್ರ.

ಮೈಸೂರು ಹೆದ್ದಾರಿಯಲ್ಲಿ ಆದದ್ದು ಆಗಿಹೋಯಿತು. ಮಳವಳ್ಳಿಯ ಕಡೆ ಇನ್ನೂ ಅವಕಾಶವಿದೆ. ಕನಕಪುರದಿಂದ ಹಲಗೂರು, ಮಳವಳ್ಳಿ ಮಾರ್ಗವಾಗಿ ಕೊಳ್ಳೇಗಾಲಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 948ರ ವಿಸ್ತರಣೆ ಹಂತ ಹಂತವಾಗಿ ನಡೆದುಬಂದಿದೆ. ಮುತ್ತತ್ತಿಯ ಕಾಡು, ಶಿಂಷಾ ಕಣಿವೆ, ಗಗನಚುಕ್ಕಿ ಜಲಪಾತ, 1902ರಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳುಹಿಸಿದ ಶಿವನಸಮುದ್ರ, ಇವೆಲ್ಲವೂ ಈ ರಸ್ತೆಯ ಆಸುಪಾಸಿನವು. ಮದ್ದೂರು–ಮಳವಳ್ಳಿ, ಮಂಡ್ಯ–ಮೇಲುಕೋಟೆ ರಸ್ತೆಗಳೂ ಇಂದಲ್ಲ ನಾಳೆ ಅಗಲವಾಗತಕ್ಕವೇ. ನಕ್ಷೆ ಅಂತಿಮಗೊಂಡ ಮೇಲೆ ಕೊಡುವ ಮನವಿಗೆ ಸಿಗುವುದು ಸ್ವೀಕೃತಿಯ ಮೊಹರು ಮಾತ್ರ. ಅದಕ್ಕೆ ಮುಂಚೆ ಕೈಯಲ್ಲಿ ದಾಖಲೆಯಿದ್ದರೆ ಎಂಜಿನಿಯರುಗಳೊಡನೆ ಮಾತನಾಡಲು ಆಧಾರವಿರುತ್ತದೆ.

ಇದಕ್ಕೆ ಕೋಟಿಗಟ್ಟಲೆ ಹಣದ ಸಲಹೆಗಾರರು ಬೇಕಾಗಿಲ್ಲ. ಕಿಲೋಮೀಟರ್ ಕಲ್ಲಿನಿಂದ ಕಲ್ಲಿಗೆ ರಸ್ತೆಯನ್ನು ವಿಂಗಡಿಸಿ, ಎರಡೂ ಬದಿಯ ಛಾಯಾಚಿತ್ರ ತೆಗೆದು, ಊರಿನವರು, ಹೊರಗಿನ ಪ್ರಯಾಣಿಕರು, ಲಾರಿ ಚಾಲಕರು ಮೂರೂ ವರ್ಗದವರಿಂದ ಅಂಕ ಪಡೆದರೆ ಸಾಕು. ಸರ್ವೆ ನಂಬರು, ಸದ್ಯದ ಬೆಳೆ, ಫಲಕಗಳ ಸಂಖ್ಯೆ, ವಾಹನ ನಿಲ್ಲಿಸಲು ಜಾಗವಿದೆಯೇ ಎಂಬ ನಾಲ್ಕು ಕಾಲಂಗಳು ಜೊತೆಗಿರಲಿ. ವಾಣಿಜ್ಯ ಪದವಿ ಕಾಲೇಜುಗಳ ವಿದ್ಯಾರ್ಥಿಗಳಿಗೆ ಯೋಜನಾ ಕಾರ್ಯವಾಗಿ ಒಪ್ಪಿಸಬಹುದಾದ ಕೆಲಸವಿದು. ಒಂದೇ ಸಲದ ಚಿತ್ರದಿಂದ ಮೋಸ ಹೋಗದಂತೆ ವರ್ಷಕ್ಕೆ ಎರಡು ಬಾರಿ ನಡೆಸಬೇಕು: ನಾಲೆಯಲ್ಲಿ ನೀರಿದ್ದು ಭತ್ತದ ಪೈರು ನಿಂತಿರುವ ಅಕ್ಟೋಬರಿನಲ್ಲಿ ಒಮ್ಮೆ, ಗದ್ದೆ ಒಣಗಿರುವ ಏಪ್ರಿಲಿನಲ್ಲಿ ಇನ್ನೊಮ್ಮೆ.