ಕಂಠ ಒಡೆಯುವ ಕಾಲ

ಮಂಡ್ಯದ ಸಮೀಪದ ಹೊಳಲಿನಿಂದ ಸೋದರಿಯೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಅದರಲ್ಲಿ ಮೂರು ಕಡೆ ‘ಮಗಳು’ ಎಂದು ಬರೆದು, ಹೊಡೆದುಹಾಕಿ, ಮೇಲೆ ‘ಮಗ’ ಎಂದು ತಿದ್ದಿದ್ದಾರೆ. ಅರ್ಧ ಕಥೆ ಆ ತಿದ್ದುಪಡಿಯಲ್ಲಿಯೇ ಇದೆ. ಹೆಣ್ಣೆಂದು ಬೆಳೆಸಿದ ಮಗು ತಾನು ಗಂಡೆಂಬುದನ್ನು ಬಹುಕಾಲ ಮನಸ್ಸಿನಲ್ಲಿಯೇ ಬಚ್ಚಿಟ್ಟುಕೊಂಡಿದ್ದು, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಮನೆಯವರಿಗೆ ತಿಳಿಸಿತು. ಈಗ ಬೆಂಗಳೂರಿನಲ್ಲಿ ಉದ್ಯೋಗ. ವೈದ್ಯರ ಮೇಲ್ವಿಚಾರಣೆಯಲ್ಲಿ ಟೆಸ್ಟೋಸ್ಟೆರಾನ್ ಚುಚ್ಚುಮದ್ದು ಆರಂಭವಾಗಿ ನಾಲ್ಕು ತಿಂಗಳು. ಕಳೆದ ವಾರ ಫೋನಿನಲ್ಲಿ ‘ಅಮ್ಮಾ’ ಎಂದ ಧ್ವನಿಯನ್ನು ಯಾರದೋ ಎಂದು ಭಾವಿಸಿ ಈ ತಾಯಿ ಕರೆಯನ್ನು ಕಡಿದುಬಿಟ್ಟರಂತೆ. ಆಮೇಲೆ ಒಲೆಯ ಮುಂದೆ ಕುಳಿತು ಅತ್ತರಂತೆ. ಮಗನ ಗಂಟಲು ಕೆಟ್ಟಿತೇ, ಮೆಣಸು ಶುಂಠಿಯ ಕಷಾಯದಿಂದ ಸರಿಹೋದೀತೇ, ಗಣಪತಿ ಪೆಂಡಾಲಿನಲ್ಲಿ ಹಾಡುತ್ತಿದ್ದ ಆ ಕಂಠ ಮತ್ತೆ ಬರುವುದೇ ಎಂಬುದು ಅವರ ಪ್ರಶ್ನೆ.

ಕಷಾಯವನ್ನು ಧಾರಾಳವಾಗಿ ಕೊಡಬಹುದು. ಅದರಿಂದ ಕೆಡುವುದೇನೂ ಇಲ್ಲ. ಆದರೆ ಇದು ನೆಗಡಿಯಲ್ಲ, ರೋಗವೂ ಅಲ್ಲ. ಹದಿಮೂರು ಹದಿನಾಲ್ಕರ ಹುಡುಗರ ಕಂಠ ಒಡೆಯುವುದನ್ನು ಕೇಳದ ಮನೆ ಯಾವುದಿದೆ? ಬೆಳಗ್ಗೆ ಕೋಗಿಲೆ, ಸಂಜೆ ಕಪ್ಪೆ ಎಂದು ಅಣ್ಣತಮ್ಮಂದಿರನ್ನು ನಾವೆಲ್ಲ ಹಾಸ್ಯ ಮಾಡಿದವರೇ. ಆ ಹುಡುಗರ ಮೈಯಲ್ಲಿ ತಾನಾಗಿ ಉಕ್ಕುವ ಹಾರ್ಮೋನು ಯಾವುದೋ, ಈ ಮಗನಿಗೆ ಸೂಜಿಯ ಮೂಲಕ ಸಲ್ಲುತ್ತಿರುವುದೂ ಅದೇ.

ನಮ್ಮ ಕೊರಳಿನ ಧ್ವನಿಪೆಟ್ಟಿಗೆಯಲ್ಲಿ ಎರಡು ಧ್ವನಿತಂತುಗಳುಂಟು. ಉಸಿರು ಹಾಯುವಾಗ ಅವು ಕಂಪಿಸಿ ನಾದ ಹುಟ್ಟುತ್ತದೆ. ಮಾತನಾಡುವಾಗ ವಯಸ್ಕ ಹೆಂಗಸರಲ್ಲಿ ಸೆಕೆಂಡಿಗೆ ಸುಮಾರು 200 ಬಾರಿ, ಗಂಡಸರಲ್ಲಿ ಸುಮಾರು 120 ಬಾರಿ ಕಂಪಿಸುತ್ತವೆ. ಟೆಸ್ಟೋಸ್ಟೆರಾನ್ ಈ ತಂತುಗಳನ್ನು ದಪ್ಪಗಾಗಿಸುತ್ತದೆ. ತಂಬೂರಿಯ ತಂತಿಗಳನ್ನು ಒಮ್ಮೆ ನೋಡಿ: ಮಂದ್ರದ ತಂತಿಯೇ ಎಲ್ಲಕ್ಕಿಂತ ದಪ್ಪ. ದಪ್ಪನಾದದ್ದು ನಿಧಾನವಾಗಿ ಕಂಪಿಸುತ್ತದೆ, ಸ್ವರ ಕೆಳಕ್ಕಿಳಿಯುತ್ತದೆ. ಬಹುಮಂದಿಯಲ್ಲಿ ಮೊದಲ ಮೂರು ತಿಂಗಳಲ್ಲಿ ಈ ಬದಲಾವಣೆ ಕಿವಿಗೆ ಬೀಳುತ್ತದೆ. ಇಳಿತದ ಹೆಚ್ಚಿನ ಭಾಗ ಮೊದಲ ವರ್ಷದಲ್ಲಿ ಮುಗಿದು, ಪೂರ್ತಿ ನೆಲೆ ನಿಲ್ಲಲು ಇನ್ನೂ ಒಂದು ವರ್ಷ ಹಿಡಿಯುವುದುಂಟು. ನಡುವೆ ಧ್ವನಿ ಒಡೆಯುವುದು, ಗೊಗ್ಗರಾಗುವುದು, ಮಾತಾಡಿ ಬೇಗ ದಣಿಯುವುದು ಸಾಮಾನ್ಯ.

ಒಂದು ವ್ಯತ್ಯಾಸವನ್ನು ಮಾತ್ರ ಹೇಳಬೇಕು. ಹುಡುಗರಲ್ಲಿ ತಂತುಗಳ ಜೊತೆಗೆ ಪೆಟ್ಟಿಗೆಯೂ ಬೆಳೆಯುತ್ತದೆ. ಇಪ್ಪತ್ತು ದಾಟಿದವರಲ್ಲಿ ಅದರ ಮೃದ್ವಸ್ಥಿ ಆಗಲೇ ಗಟ್ಟಿಯಾಗತೊಡಗಿರುವುದರಿಂದ ಅಷ್ಟು ಬೆಳೆಯಲಾರದು. ಆದ್ದರಿಂದ ಕೆಲವರಿಗೆ ಸ್ವರ ಇಳಿದರೂ ತುಂಬು ನಾದ ಬಾರದು. ಕೆಲವರಿಗೆ ನಿರೀಕ್ಷಿಸಿದಷ್ಟು ಇಳಿಯದೆಯೂ ಇರಬಹುದು. ಅಂಥವರು ಬಲವಂತವಾಗಿ ಗಂಟಲನ್ನು ಒತ್ತಿ ಗಡಸು ಮಾತಾಡಲು ಹೋಗಿ ನೋವು ತಂದುಕೊಳ್ಳುತ್ತಾರೆ. ಮದ್ದಿನ ಪ್ರಮಾಣವನ್ನು ತಾವೇ ಹೆಚ್ಚಿಸಿಕೊಳ್ಳುವವರಂತೂ ಇನ್ನೂ ದೊಡ್ಡ ಅಪಾಯಕ್ಕೆ ಸಿಲುಕುತ್ತಾರೆ: ರಕ್ತದ ಕೆಂಪುಕಣಗಳು ಮಿತಿಮೀರಿ ಏರುತ್ತವೆ. ಕಾಲಕಾಲಕ್ಕೆ ರಕ್ತಪರೀಕ್ಷೆ ಮಾಡಿಸುವುದು ಅದಕ್ಕಾಗಿಯೇ. ಮಗ ಅದನ್ನು ತಪ್ಪಿಸುತ್ತಿಲ್ಲವೇ ಎಂದು ಕೇಳಿ ತಿಳಿಯುವುದು ತಾಯಿಯ ಹಕ್ಕೆಂದೇ ನನ್ನ ಭಾವನೆ.

ಎರಡನೆಯ ಪ್ರಶ್ನೆಗೆ ಸುತ್ತುಬಳಸಿ ಉತ್ತರಿಸಲಾರೆ. ಹಳೆಯ ಧ್ವನಿ ಮರಳುವುದಿಲ್ಲ. ನಾಳೆಯೇ ಚುಚ್ಚುಮದ್ದು ನಿಲ್ಲಿಸಿದರೂ ದಪ್ಪಗಾದ ತಂತು ತೆಳ್ಳಗಾಗದು. ಈ ಚಿಕಿತ್ಸೆಗೆ ಮೊದಲು ವೈದ್ಯರು ಇದನ್ನು ವಿವರಿಸಿ ಒಪ್ಪಿಗೆ ಪಡೆಯುತ್ತಾರೆ. ಆದರೆ ಮನೆಯವರಿಗೆ ಹೇಳುವವರು ಯಾರು? ಮಗ ಬದುಕಿರುವಾಗಲೇ ಒಂದು ದನಿಯನ್ನು ಕಳೆದುಕೊಂಡಂತಾಗುವ ಆ ಸಂಕಟ ಸುಳ್ಳಲ್ಲ. ಮಗನ ಕಡೆಯಿಂದಲೂ ಒಮ್ಮೆ ನೋಡಬೇಕು. ಷರ್ಟು ತೊಟ್ಟು, ಕ್ರಾಪು ಬಿಟ್ಟು ಬಸ್ಸು ಹತ್ತಿದವನು ಟಿಕೆಟ್ಟಿಗಾಗಿ ಬಾಯಿ ತೆರೆದ ಕೂಡಲೇ ಎಲ್ಲರೂ ತಿರುಗಿ ನೋಡುತ್ತಿದ್ದ ದಿನಗಳು ಅವನ ಪಾಲಿಗೆ ಎಷ್ಟಿದ್ದಿರಬಹುದು! ಫೋನಿನಲ್ಲಿ ಮುಖ ಕಾಣದು. ಅಲ್ಲಿ ಧ್ವನಿಯೇ ಮನುಷ್ಯ.

ಈ ಮದ್ದು ಹೊಸದೆಂಬ ಭಯವೂ ಪತ್ರದಲ್ಲಿದೆ. ಟೆಸ್ಟೋಸ್ಟೆರಾನನ್ನು ಬೇರ್ಪಡಿಸಿದ್ದು, ಕೃತಕವಾಗಿ ತಯಾರಿಸಿದ್ದು ಎರಡೂ 1935ರಲ್ಲಿ. ನಾಲ್ಕೇ ವರ್ಷಗಳ ಬಳಿಕ, 1939ರಲ್ಲಿ, ಇಂಗ್ಲೆಂಡಿನ ಮೈಕೆಲ್ ಡಿಲನ್ ಎಂಬವರು ಅದನ್ನು ಸೇವಿಸತೊಡಗಿದರು. ಹೆಣ್ಣೆಂದು ಹುಟ್ಟಿ ಆಕ್ಸ್‌ಫರ್ಡಿನಲ್ಲಿ ಓದಿದ ಇವರು ಬ್ರಿಸ್ಟಲಿನ ಗ್ಯಾರೇಜೊಂದರಲ್ಲಿ ಕೆಲಸ ಮಾಡುತ್ತ ಗಂಡಸಾಗಿ ಬಾಳಲಾರಂಭಿಸಿ, ಮುಂದೆ ಡಬ್ಲಿನ್ನಿನಲ್ಲಿ ವೈದ್ಯವಿದ್ಯೆ ಕಲಿತು ಹಡಗಿನ ವೈದ್ಯರಾದರು. 1958ರಲ್ಲಿ ಪತ್ರಿಕೆಗಳು ಅವರ ಪೂರ್ವವೃತ್ತಾಂತವನ್ನು ಬಯಲಿಗೆಳೆದಾಗ ಅವರು ಆಶ್ರಯ ಹುಡುಕಿ ಬಂದದ್ದು ನಮ್ಮ ದೇಶಕ್ಕೆ. ಬೌದ್ಧದೀಕ್ಷೆ ಪಡೆದು ಲಡಾಖಿನ ಮಠವೊಂದರಲ್ಲಿದ್ದು, 1962ರಲ್ಲಿ ಡಾಲ್‌ಹೌಸಿಯಲ್ಲಿ ತೀರಿಕೊಂಡರು.

ಕಂಠ ಬದಲಾದರೆ ಸಂಗೀತ ಮುಗಿಯಿತೆನ್ನುವವರು ಗಂಗೂಬಾಯಿ ಹಾನಗಲ್ಲರನ್ನು ನೆನೆಯಬೇಕು. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಆ ಮಹಾಗಾಯಕಿಯ ಮೊದಮೊದಲ ಧ್ವನಿಮುದ್ರಿಕೆಗಳಲ್ಲಿರುವುದು ತೆಳುವಾದ ಏರುಕಂಠ. ಗಂಟಲಿನ ಚಿಕಿತ್ಸೆಯೊಂದರ ನಂತರ ಅದು ಗಂಡಸರದೋ ಎಂಬಷ್ಟು ಕೆಳಗಿಳಿಯಿತು. ಅವರ ಕಾರಣ ಬೇರೆ, ಬಾಳು ಬೇರೆ. ಆದರೆ 2009ರಲ್ಲಿ ಅವರು ಅಗಲುವವರೆಗೂ ನಾಡು ತಲೆದೂಗಿದ್ದು ಆ ಎರಡನೆಯ ಕಂಠಕ್ಕೇ.

ಮನೆಯಲ್ಲಿರುವ ಅಜ್ಜಿಗೆ ಏನು ಹೇಳಲಿ ಎಂದೂ ಕೇಳಿದ್ದಾರೆ. ಏನು ಹೇಳಬೇಕೆಂಬುದನ್ನು ಮಗನೊಡನೆ ಕುಳಿತು ತೀರ್ಮಾನಿಸುವುದೇ ಲೇಸು. ವೃದ್ಧರ ಕಿವಿ ಮೊದಲು ಕಳೆದುಕೊಳ್ಳುವುದು ಏರುಸ್ವರಗಳನ್ನು. ಮೊಮ್ಮಗನ ಈಗಿನ ಮಾತು ಆಕೆಗೆ ಮುಂಚಿಗಿಂತ ಚೆನ್ನಾಗಿ ಕೇಳಿಸಿದರೂ ಆಶ್ಚರ್ಯವಿಲ್ಲ.

ಇನ್ನು ಹಾಡಿನ ವಿಚಾರ. ಮೇಲಿನ ಸ್ವರಗಳು ಕೈತಪ್ಪಿ ಕೆಳಗಿನವು ಇನ್ನೂ ಕೈಗೂಡದ ಈ ದಿನಗಳಲ್ಲಿ ಗಟ್ಟಿಯಾಗಿ ಹಾಡಿಸಬಾರದು; ಮೆಲುದನಿಯ ಸಾಧನೆ ದಿನಕ್ಕೆ ಸ್ವಲ್ಪ ಹೊತ್ತು ಸಾಕು. ಆಗಾಗ ನೀರು ಕುಡಿಯಲಿ, ಕಿರುಚದಿರಲಿ, ಸಿಗರೇಟಿನ ಹತ್ತಿರ ಸುಳಿಯದಿರಲಿ. ನುಂಗುವಾಗ ನೋವು, ಉಸಿರಿಗೆ ಕಷ್ಟ, ಕಫದಲ್ಲಿ ರಕ್ತ ಕಂಡರೆ ಅದನ್ನು ಚುಚ್ಚುಮದ್ದಿನ ಲೆಕ್ಕಕ್ಕೆ ಹಾಕದೆ ಗಂಟಲಿನ ವೈದ್ಯರಿಗೆ ತೋರಿಸಬೇಕು. ಧ್ವನಿಯ ಶಿಕ್ಷಣಕ್ಕೆ ದೂರ ಹೋಗಬೇಕಾಗಿಲ್ಲ: ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮಂಡ್ಯದವರಿಗೆ ಒಂದು ಗಂಟೆಯ ದಾರಿ. ಮುಂಚೆ ಐದು ಮನೆ ಶ್ರುತಿಗೆ ಹಾಡುತ್ತಿದ್ದವನಿಗೆ ಮುಂದೆ ಒಂದೋ ಒಂದೂವರೆಯೋ ಒಪ್ಪಬಹುದು, ಈಗಲೇ ಗೊತ್ತುಮಾಡಬೇಡಿ. ಈ ಸಲದ ಗಣಪತಿಗೆ ಅವನು ತಾಳ ಹಾಕಲಿ, ಹಾರ್ಮೋನಿಯಂ ನುಡಿಸಲಿ. ಬರುವ ವರ್ಷ ಭಾದ್ರಪದಕ್ಕೆ ಎರಡು ತಿಂಗಳು ಮುಂಚೆ ಮನೆಯಲ್ಲಿಯೇ ಶ್ರುತಿಪೆಟ್ಟಿಗೆ ಇಟ್ಟುಕೊಂಡು, ಯಾವ ಮನೆಯಲ್ಲಿ ಅವನ ಷಡ್ಜ ಆಯಾಸವಿಲ್ಲದೆ ನಿಲ್ಲುತ್ತದೆಂದು ತಾಯಿಮಗ ಇಬ್ಬರೂ ಕೇಳಿ ನೋಡಿರಿ.